ನೂರ ಅರವತ್ತು ಬೈ ನೂರ ಏಳು

ಅವತ್ತು ಲಿಫ್ಟ್ ಕೆಟ್ಟಿರದಿದ್ದರೆ ವಿನಾಯಕ ನೆಟ್ಟಗೆ ಕೆಳಗಿಳಿದು, ಆಟೋ ಹಿಡಿದು, ಬೆಳಗಿನ ರೈಲು ಹತ್ತಿ, ಊಟದ ಹೊತ್ತಿಗೆಲ್ಲ ವಿಜಯವಾಡ ಸೇರಿಬಿಡುತ್ತಿದ್ದ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿಳಿಯಬೇಕಾಯಿತು. ಮೆಟ್ಟಿಲಿಳಿದರೆ ಎರಡನೆಯ ಮಹಡಿಯಲ್ಲಿ ರಾಮಮೋಹನ್ ಅವರ ಮನೆ ದಾಟಬೇಕು. ಗಾಜುವಾಕದ ಆ ಅಪಾರ್ಟ್‌ಮೆಂಟಿನಲ್ಲಿ ರಾಮಮೋಹನ್ ಅವರ ಬಾಗಿಲು ದಾಟುವುದೆಂದರೆ ಟೋಲ್ ಗೇಟು ದಾಟಿದ ಹಾಗೆ. ಸುಮ್ಮನೆ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ.

ರಾಮಮೋಹನ್ ಉಕ್ಕಿನ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಾಯಿಯ ಕಡೆ ಬಳ್ಳಾರಿ, ಹೆಂಡತಿಯ ಕಡೆ ವಿಜಯನಗರಂ. ಹಾಗಾಗಿ ಅವರ ಕನ್ನಡ ಅರ್ಧ ದಾರಿಯಲ್ಲಿ ತೆಲುಗಿಗೆ ಇಳಿದು ಮತ್ತೆ ಹತ್ತಿಕೊಳ್ಳುತ್ತಿತ್ತು. ಬದುಕಿಡೀ ಒತ್ತಡದ ಮೀಟರು ನೋಡಿದ ಮನುಷ್ಯನಿಗೆ ಲೋಕದ ಸಕಲ ಅನಾಹುತಕ್ಕೂ ಕಾರಣ ಒಂದೇ: ಯಾರೋ ಎಲ್ಲೋ ಪ್ರೆಷರ್ ನೋಡಿಲ್ಲ. ಕುಕ್ಕರ್ ಸಿಡಿದರೂ ಅದೇ, ಟೈರು ಒಡೆದರೂ ಅದೇ, ಎದುರು ಮನೆಯ ಗಂಡ ಹೆಂಡತಿ ಜಗಳವಾಡಿದರೂ ಅದೇ. ನಿವೃತ್ತಿಯಾದ ಮೇಲೆ ನೋಡಲು ಮೀಟರಿಲ್ಲದೆ ಚಡಪಡಿಸಿ, ಕೊನೆಗೊಂದು ಬಿಪಿ ಮಷೀನು ತಂದಿಟ್ಟುಕೊಂಡಿದ್ದರು. ಊರಿಗೆ ಹೊರಟವರು ಒಂದು ಗಳಿಗೆ ಕೂತು, ನೀರು ಕುಡಿದು, ಕುಂಕುಮ ಇಟ್ಟುಕೊಂಡು ಹೋಗಬೇಕೆಂಬುದು ಅವರ ಹೆಂಡತಿ ಲಕ್ಷ್ಮೀಕಾಂತಮ್ಮನವರ ಶಾಸ್ತ್ರ. ಕೂತ ಆ ಗಳಿಗೆಯಲ್ಲಿ ತೋಳಿಗೆ ಪಟ್ಟಿ ಸುತ್ತುವುದು ರಾಮಮೋಹನ್ ಅವರ ಸೇರ್ಪಡೆ.

"ಏಮಂಡಿ ವಿನಾಯಕ ಗಾರು, ಬ್ಯಾಗ್ ಹಿಡ್ಕೊಂಡು ಎಲ್ಲಿಗೆ ಪ್ರಯಾಣಂ?"

"ವಿಜಯವಾಡಕ್ಕೆ ಸಾರ್. ನಮ್ಮ ಬ್ಯಾಂಕಿನ ರೀಜನಲ್ ಆಫೀಸಿಂದ ನಿನ್ನೆ ಫೋನ್ ಬಂದಿತ್ತು. ಎಜಿಎಂ ಮೇಡಂ ಸಂಜೆ ನಾಲ್ಕಕ್ಕೆ ಬಂದು ಕಾಣ್ರಿ ಅಂದಾರಂತೆ. ರೈಲಿಗೆ ಹೊತ್ತಾತು, ಬರ್ತೀನ್ರಿ."

"ಯಾಕೆ ಕರೆದಿದ್ದಾರೆ?"

"ಅದನ್ನ ಹೇಳಿಲ್ಲ ನೋಡ್ರಿ."

"ಕಾರಣ ಹೇಳದೆ ಕರೆದ್ರೆ ಎಂಥವನಿಗೂ ಪ್ರೆಷರ್ ಏರ್ತದೆ. ಕೂತ್ಕೊಳ್ಳಿ. ಒಂದೇ ನಿಮಿಷಂ."

ವಿನಾಯಕ ಕೂತ. ಕೂರಬಾರದಿತ್ತು. ಆದರೆ ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬ್ಯಾಂಕಿನವರು ದಾವಣಗೆರೆಯಿಂದ ಎತ್ತಿ ಗಾಜುವಾಕಕ್ಕೆ ಹಾಕಿದಾಗಲೂ ಇಲ್ಲ ಎನ್ನಲು ಬಂದಿರಲಿಲ್ಲ. ಹೆಂಡತಿ ಸಹನಾ ದಾವಣಗೆರೆಯಲ್ಲಿ ಸರ್ಕಾರಿ ಹೈಸ್ಕೂಲಿನ ಟೀಚರು. ಅವಳ ಕೆಲಸ ರಾಜ್ಯದ ಗಡಿ ದಾಟುವಂಥದ್ದಲ್ಲ. ಮಗಳು ಶ್ರಾವಣಿಗೆ ನಾಲ್ಕು ವರ್ಷ. ಅಪ್ಪ ಎಂದರೆ ಫೋನಿನೊಳಗೆ ಇರುವ ಒಬ್ಬ ಗಂಡಸು ಎಂದು ಅವಳು ತಿಳಿದಿದ್ದಳು. ಕಳೆದ ಸಲ ಅವನು ಊರಿಗೆ ಹೋಗಿ ಎದುರಿಗೇ ಕೂತಾಗ ಒಂದಿಷ್ಟು ಹೊತ್ತು ನಾಚಿಕೊಂಡು, ಆಮೇಲೆ "ನೀನು ಆ ಕೋಣೆಗೋಗಿ ಫೋನ್ ಮಾಡು, ಮಾತಾಡ್ತೀನಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ವಿನಾಯಕನೂ ನಕ್ಕು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ಅವತ್ತಿನಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ: ಹೇಗಾದರೂ ದಾವಣಗೆರೆಗೆ ವರ್ಗ ಆಗಬೇಕು. ಇವತ್ತು ಎಜಿಎಂ ಎದುರು ಸಿಕ್ಕರೆ ಕಾಲು ಹಿಡಿದಾದರೂ ಕೇಳಿಬಿಡುವುದೆಂದು ತೀರ್ಮಾನಿಸಿ ಹೊರಟಿದ್ದ.

ಲಕ್ಷ್ಮೀಕಾಂತಮ್ಮ ನೀರು ಕೊಟ್ಟು, ಹಣೆಗೆ ಧಾರಾಳವಾಗಿ ಕುಂಕುಮ ಇಟ್ಟರು. ಆ ಮನೆಯಲ್ಲಿ ಕುಂಕುಮಕ್ಕೆ ಬರವಿರಲಿಲ್ಲ. ಆಯುಧಪೂಜೆಯ ದಿನ ಕಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗೆ ಹಚ್ಚಿದಂತೆ ಬಿಪಿ ಮಷೀನಿಗೂ ಹಚ್ಚಿದ್ದರು. ಅದು ಗಾಜಿನ ಮೇಲೆಲ್ಲ ಚೆಲ್ಲಿ, ಒಣಗಿ, ಚುಕ್ಕೆ ಚುಕ್ಕೆಯಾಗಿ ಅಂಟಿಕೊಂಡಿತ್ತು.

"ನಿನ್ನೆ ತಾನೇ ಹೊಸ ಬ್ಯಾಟರಿ ಹಾಕಿದೀನಿ. ಗುಂಡಿ ಎಲ್ಲ ಗಟ್ಟಿಯಾಗಿ ಒತ್ತಿ ಒತ್ತಿ ಟೆಸ್ಟ್ ಮಾಡಿದೀನಿ. ತಪ್ಪು ಹೇಳೋ ಪ್ರಶ್ನೆಯೇ ಲೇದು" ಎನ್ನುತ್ತ ರಾಮಮೋಹನ್ ಗುಂಡಿ ಒತ್ತಿದರು. ಪಟ್ಟಿ ಬುಸ್ಸೆಂದು ಉಬ್ಬಿತು, ಹಿಂಡಿತು, ಇಳಿಯಿತು. ರಾಮಮೋಹನ್ ಕನ್ನಡಕ ಹಣೆಗೇರಿಸಿ ಓದಿದರು.

"ಮೇಲೆ ಒಂದು, ಆರು, ಸೊನ್ನೆ. ಕೆಳಗೆ ಒಂದು, ಸೊನ್ನೆ, ಏಳು." ಅವರ ದನಿ ಇಳಿಯಿತು. "ಓರಿ ದೇವುಡಾ! ನೂರ ಅರವತ್ತು ಬೈ ನೂರ ಏಳು!"

"ಇನ್ನೊಂದು ಸಲ ನೋಡ್ರಿ ಸಾರ್" ಎಂದ ವಿನಾಯಕ.

ಇನ್ನೊಂದು ಸಲ ನೋಡಿದಾಗ ನೂರ ಅರವತ್ತೊಂದು ಬೈ ನೂರ ಎಂಟು ಬಂತು. ಲಕ್ಷ್ಮೀಕಾಂತಮ್ಮ ಲೊಚಗುಟ್ಟಿದರು. ಸುದ್ದಿ ಮೆಟ್ಟಿಲಲ್ಲೇ ಹತ್ತಿ ಇಳಿಯಿತು. ಎದುರು ಮನೆಯವರು ನಿಂಬೆಹಣ್ಣು ತಂದರು. ಮೇಲಿನ ಮನೆಯವರು ತಮ್ಮ ಮಾವನವರು ಇಷ್ಟೇ ಬಿಪಿಯಲ್ಲಿ, ಹೀಗೇ ಕುರ್ಚಿಯ ಮೇಲೆ ಕೂತಿದ್ದ ಹಾಗೆಯೇ ಹೋಗಿಬಿಟ್ಟದ್ದನ್ನು ವಿವರವಾಗಿ ಹೇಳಿದರು. ವಿನಾಯಕ ಕುರ್ಚಿಯಿಂದ ಎದ್ದು ಸೋಫಾಕ್ಕೆ ಬಂದ. ಅಷ್ಟರಲ್ಲಿ ಅವನ ರೈಲು ಹೊರಟುಹೋಯಿತು.

ಲಕ್ಷ್ಮೀಕಾಂತಮ್ಮ ಅವನ ಫೋನಿನಿಂದಲೇ ಸಹನಾಗೆ ಫೋನು ಹಚ್ಚಿ, ತೆಲುಗಿನಲ್ಲಿ ಅತ್ತು, ಫೋನನ್ನು ಅವನ ಕೈಗೆ ಕೊಟ್ಟರು.

"ಏನ್ರೀ, ಆಂಟಿ ಏನೇನೋ ಅಂತಾರೆ! ನಂಗೆ ಅರ್ಥ ಆಗಿದ್ದು ಬಿಪಿ ಅನ್ನೋದೊಂದೇ. ಏನಾಗೇತಿ ನಿಮಗೆ?" ಸಹನಾ ಕೂಗಿಯೇ ಕೇಳಿದಳು.

"ಏನೂ ಇಲ್ಲ ಮಾರಾಯ್ತಿ. ಸ್ವಲ್ಪ ಜಾಸ್ತಿ ಐತಂತೆ."

"ದಿನಾ ಉಪ್ಪಿನಕಾಯಿ ನೆಕ್ಕೋರಿಗೆ ಇನ್ನೇನಾಗತೈತಿ? ಇವತ್ತಿಂದ ಒಂದು ಹರಳು ಉಪ್ಪು ಮುಟ್ಟಂಗಿಲ್ಲ. ಕಾಫಿ ಮುಟ್ಟಂಗಿಲ್ಲ. ನನ್ನಾಣೆ ಐತಿ."

ಆಣೆ ಬಿದ್ದ ಮೇಲೆ ಮುಗಿಯಿತು. ವಿನಾಯಕ ತಲೆಗೆ ಕೈಹೊತ್ತು ಕೂತ. ಆಗ ರಾಮಮೋಹನ್ ಪಕ್ಕಕ್ಕೆ ಬಂದು ಕೂತು, ಗುಟ್ಟಿನ ದನಿಯಲ್ಲಿ ಅಂದರು:

"ವಿನಾಯಕ ಗಾರು, ಒಂದು ಮಾತು. ಆರೋಗ್ಯದ ಕಾರಣ ಅಂದ್ರೆ ಬ್ಯಾಂಕಲ್ಲಿ ಟ್ರಾನ್ಸ್‌ಫರ್ ಬೇಗ ಆಗ್ತದೆ ಕದಾ? ಮೂರು ವರ್ಷದಿಂದ ಬರೀ ಬಾಯಲ್ಲಿ ಕೇಳ್ತಾ ಇದ್ರಿ. ಈವಾಗ ಕೈಯಲ್ಲಿ ನಂಬರ್ ಉಂದಿ."

ವಿನಾಯಕ ನಿಧಾನವಾಗಿ ತಲೆ ಎತ್ತಿದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅರ್ಧ ಗಂಟೆಯಿಂದ ಎದೆಯ ಮೇಲೆ ಕೂತಿದ್ದ ನೂರ ಅರವತ್ತು ಎಂಬ ಸಂಖ್ಯೆ ಈಗ ಎದ್ದು ಅವನಿಗೆ ಹೂಮಾಲೆ ಹಾಕಿದಂತಾಯಿತು. ಹೆಂಡತಿ ಮಗಳ ಹತ್ತಿರ ಹೋಗಲು ಒಂದು ರೋಗ ಬರಬೇಕೆಂದಿದ್ದರೆ ಬರಲಿ. ಬಂದದ್ದೂ ಎಂಥ ಒಳ್ಳೆಯ ರೋಗ! ನೋವಿಲ್ಲ, ಜ್ವರವಿಲ್ಲ, ಬರೀ ಲೆಕ್ಕ.

"ಆದ್ರೆ ರೈಲು ಹೋಯ್ತಲ್ಲ ಸಾರ್?"

"ಇಂಥಾ ಬಿಪಿಯವರನ್ನ ಒಬ್ಬರೇ ರೈಲಲ್ಲಿ ಕಳಿಸ್ತೀನಾ? ನಮ್ಮ ಕಾರು ಏನಕ್ಕಿದೆ?"

ಹೀಗೆ ರಾಮಮೋಹನ್ ಅವರ ಕಾರು ವಿಜಯವಾಡದತ್ತ ಹೊರಟಿತು. ಹಿಂದಿನ ಸೀಟಿನಲ್ಲಿ ವಿನಾಯಕನನ್ನು ಬಾಣಂತಿಯಂತೆ ದಿಂಬಿಗೆ ಒರಗಿಸಿ ಮಲಗಿಸಿದ್ದರು. ಪಕ್ಕದಲ್ಲಿ ಲಕ್ಷ್ಮೀಕಾಂತಮ್ಮ ಕಟ್ಟಿಕೊಟ್ಟ ಉಪ್ಪಿಲ್ಲದ ಇಡ್ಲಿ, ಉಪ್ಪಿಲ್ಲದ ಚಟ್ನಿ, ಒಂದು ಸೀಸೆ ಹಾಗಲಕಾಯಿ ರಸ. ಕಾಲ ಬಳಿ ಬಿಪಿ ಮಷೀನು.

ಅನಕಾಪಲ್ಲಿಯಲ್ಲಿ ಕಾರು ನಿಂತಿತು. ಪಟ್ಟಿ ಬುಸ್ಸೆಂದಿತು. ನೂರ ಅರವತ್ತೆರಡು. ಒಂದು ಲೋಟ ಹಾಗಲಕಾಯಿ ರಸ. ಅನ್ನವರಂ ಬೆಟ್ಟದ ಬುಡದಲ್ಲಿ ಮತ್ತೆ ನಿಂತಿತು. ರಾಮಮೋಹನ್ ಸತ್ಯನಾರಾಯಣಸ್ವಾಮಿಗೆ ಕೆಳಗಿಂದಲೇ ಕೈಮುಗಿದು, ಪ್ರಸಾದದಲ್ಲಿ ತುಪ್ಪ ಜಾಸ್ತಿ ಎಂದು ಅದನ್ನು ತಾವೊಬ್ಬರೇ ತಿಂದರು. ನೂರ ಅರವತ್ತನಾಲ್ಕು. ಇನ್ನೊಂದು ಲೋಟ. ರಾಜಮಂಡ್ರಿಯಲ್ಲಿ ಗೋದಾವರಿ ತುಂಬಿ ಹರಿಯುತ್ತಿತ್ತು. ಎದ್ದು ನೋಡಲು ಹೋದ ವಿನಾಯಕನಿಗೆ "ಎಗ್ಜೈಟ್ ಆಗ್ಬೇಡಿ!" ಎಂದು ಗದರಿಸಿ ಮತ್ತೆ ಮಲಗಿಸಿದರು. ರಸ್ತೆ ಬದಿಯ ಕಾಫಿ ಅಂಗಡಿಗಳು ಒಂದೊಂದಾಗಿ ಹಿಂದೆ ಹೋದವು. ಒಂದೊಂದನ್ನೂ ವಿನಾಯಕ ಕಿಟಕಿಯಿಂದ ಕತ್ತು ಹೊರಳಿಸಿ ನೋಡಿ ಬೀಳ್ಕೊಟ್ಟ.

"ಸಾರ್, ಒಂದರ್ಧ ಕಪ್ ಕಾಫಿ..."

"ನಮ್ಮ ಬಾಯ್ಲರ್‌ಗೆ ಲಿಮಿಟ್ ಅರವತ್ತು ಕೆಜಿ. ಅರವತ್ತೊಂದಾದ್ರೆ ಏನಾಗ್ತದೆ ಗೊತ್ತಾ?"

"ನಾನೇನು ಬಾಯ್ಲರಾ ಸಾರ್?"

"ಬಾಯ್ಲರ್‌ಗಾದ್ರೂ ಸೇಫ್ಟಿ ವಾಲ್ವ್ ಇರ್ತದೆ. ನಿಮಗೆ ಏಮುಂದಿ?"

ಏಲೂರಿನಲ್ಲಿ ನೂರ ಅರವತ್ತೆಂಟು ಬೈ ನೂರ ಹನ್ನೆರಡು ಬಂದಾಗ ಹಾಗಲಕಾಯಿ ರಸದ ಸೀಸೆ ಖಾಲಿಯಾಗಿತ್ತು. ವಿನಾಯಕನ ನಾಲಿಗೆ ಸತ್ತು, ಹೊಟ್ಟೆ ಮಾತ್ರ ಬದುಕಿತ್ತು.

ವಿಜಯವಾಡ ಮುಟ್ಟುವಷ್ಟರಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಟೈರು ಪಂಕ್ಚರ್. ಹೊತ್ತು ಇನ್ನೂ ಇತ್ತು. ಕಾರನ್ನು ಮೆಲ್ಲಗೆ ಉರುಳಿಸಿಕೊಂಡು ಆಟೋನಗರಕ್ಕೆ ತಂದರು. ಅಲ್ಲಿ ಬೀದಿಗೆ ಬೀದಿಯೇ ಲಾರಿಗಳ ಹೊಟ್ಟೆ ಬಗೆದಿಟ್ಟಿದ್ದರು. ಎಲ್ಲೆಲ್ಲೂ ವೆಲ್ಡಿಂಗಿನ ಕಿಡಿ, ಸುತ್ತಿಗೆಯ ಸದ್ದು. ಬಾಬ್ಜಿ ಎಂಬ ದಢೂತಿ ಮನುಷ್ಯನ ಟೈರ್ ಅಂಗಡಿ ಸಿಕ್ಕಿತು. ಅವನು ಪಂಕ್ಚರ್ ಹಾಕಿ, ಗಾಳಿಯ ಪೈಪು ಕೈಗೆತ್ತಿಕೊಂಡು, ಎಷ್ಟು ಹೊಡೆಯಲಿ ಎಂದು ತೆಲುಗಿನಲ್ಲಿ ಕೇಳಿದ.

"ಎರಡು ಪಾಯಿಂಟ್ ಮೂರು ಕೆಜಿ" ಎಂದರು ರಾಮಮೋಹನ್ ಠೀವಿಯಿಂದ.

"ಕೆಜಿ ಲೆಕ್ಕ ತರಕಾರಿ ಅಂಗಡೀಲಿ ಸಾರ್" ಎಂದ ಬಾಬ್ಜಿ. "ಇಲ್ಲಿ ಪಾಯಿಂಟು. ಮೂವತ್ತಾ, ನಲವತ್ತಾ?"

"ನಾನು ಮೂವತ್ತೈದು ವರ್ಷ ಬಾಯ್ಲರ್ ನೋಡಿದೀನಯ್ಯಾ! ಒತ್ತಡ ಅಂದ್ರೆ ಕೆಜಿ. ಒಂದು ಚದರ ಸೆಂಟಿಮೀಟರ್ ಮೇಲೆ ಎಷ್ಟು ಕೆಜಿ ಕೂತಿದೆ ಅಂತ."

"ನಿಮ್ಮ ಬಾಯ್ಲರ್ ತಗೊಂಡ್ಬನ್ನಿ, ಕೆಜೀಲೇ ಹೊಡೀತೀನಿ. ಇದಕ್ಕೆ ನಲವತ್ತೈದು ಹೊಡೆಯೋಣ, ಗಟ್ಟಿ ಇರುತ್ತೆ."

ಇಬ್ಬರೂ ಏರಿದರು. ವಿನಾಯಕ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಓದಿದ್ದೆಲ್ಲವನ್ನೂ ಕ್ಯಾಶ್ ಕೌಂಟರಿನಲ್ಲಿ ಮರೆತವನು. ಆದರೂ ಜಗಳ ಬಿಡಿಸಬೇಕಲ್ಲ. ಕಾರಿನ ಬಾಗಿಲು ತೆರೆದರೆ ಒಳಗೆ ಅಂಚಿನಲ್ಲಿ ಕಂಪನಿಯ ಚೀಟಿ ಅಂಟಿರುತ್ತದೆಂದು ನೆನಪಾಗಿ ಬಗ್ಗಿ ನೋಡಿದ. ಇನ್ನೂರ ಮೂವತ್ತು ಎಂದು ಬರೆದಿತ್ತು. ಮುಂದೆ ಕೆ, ಪಿ, ಎ ಎಂದು ಮೂರು ಇಂಗ್ಲಿಷ್ ಅಕ್ಷರ.

"ಕಿಲೋಪಾಸ್ಕಲ್ ಸಾರ್! ನೂರು ಕಿಲೋಪಾಸ್ಕಲ್ ಅಂದ್ರೆ ಹದಿನಾಲ್ಕೂವರೆ ಪಾಯಿಂಟು. ಇನ್ನೂರ ಮೂವತ್ತಕ್ಕೆ ಮೂವತ್ಮೂರು. ಬಾಬ್ಜಿ, ಮೂವತ್ಮೂರು ಹೊಡಿ. ಸಾರ್, ನಿಮ್ಮ ಕೆಜಿಗೂ ಹೆಚ್ಚುಕಡಿಮೆ ಅಷ್ಟೇ ಆಗತೈತಿ. ಇಬ್ಬರೂ ಒಂದೇ ಮಾತು ಬೇರೆ ಬೇರೆ ಭಾಷೇಲಿ ಆಡ್ತಿದೀರಿ."

ಬಹಳ ವರ್ಷದ ಮೇಲೆ ಓದಿದ್ದು ಉಪಯೋಗಕ್ಕೆ ಬಂದ ಖುಷಿಯಲ್ಲಿ ವಿನಾಯಕ ಹಿಂದಿನ ಸೀಟಿಗೆ ಮರಳಿದ. ಕೂತವನಿಗೆ ಏನೋ ಕೊರೆಯತೊಡಗಿತು. ಆ ಮೂರು ಅಕ್ಷರವನ್ನು ಇವತ್ತೇ ಇನ್ನೆಲ್ಲೋ ಅರೆಬರೆಯಾಗಿ ನೋಡಿದ ಹಾಗಿತ್ತು. ಕಾಲ ಬಳಿ ಇದ್ದ ಬಿಪಿ ಮಷೀನನ್ನು ಎತ್ತಿ ಗುಂಡಿ ಒತ್ತಿ, ಪರದೆಯ ಮೂಲೆಯಲ್ಲಿ ಅಂಟಿದ್ದ ಕುಂಕುಮವನ್ನು ಉಗುರಿನಿಂದ ಕೆರೆದ. ಕೆ ಕಂಡಿತು. ಇನ್ನಷ್ಟು ಕೆರೆದ. ಪಿ. ಎ.

ಅಂಕಿಗಳ ನಡುವೆಯೂ ಒಂದು ಚುಕ್ಕೆಯಿತ್ತು. ಕುಂಕುಮವೇ ಇರಬೇಕೆಂದು ಅದನ್ನೂ ಕೆರೆದ. ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದ. ಆಗಲೂ ಹೋಗಲಿಲ್ಲ. ಅದು ದಶಮಾಂಶ ಬಿಂದು.

ಬೆಳಿಗ್ಗೆ ಬಂದದ್ದು ನೂರ ಅರವತ್ತಲ್ಲ, ಹದಿನಾರು. ನೂರ ಏಳಲ್ಲ, ಹತ್ತು ಬಿಂದು ಏಳು. ಹೊಸ ಬ್ಯಾಟರಿ ಹಾಕಿ ಗುಂಡಿ ಒತ್ತಿ ಒತ್ತಿ ಟೆಸ್ಟ್ ಮಾಡಿದಾಗ ಮಷೀನು ಲೆಕ್ಕದ ಭಾಷೆಯನ್ನೇ ಬದಲಿಸಿಕೊಂಡಿತ್ತು. ಡಾಕ್ಟರುಗಳು ಹೇಳುವುದು ಪಾದರಸದ ಮಿಲಿಮೀಟರಿನಲ್ಲಿ. ಒಂದು ಕಿಲೋಪಾಸ್ಕಲ್ ಎಂದರೆ ಏಳೂವರೆ ಮಿಲಿಮೀಟರು. ಹದಿನಾರು ಏಳೂವರೆಲಿ ನೂರಿಪ್ಪತ್ತು. ಹತ್ತು ಬಿಂದು ಏಳಕ್ಕೆ ಎಂಬತ್ತು. ಪಠ್ಯಪುಸ್ತಕದಲ್ಲಿ ಅಚ್ಚು ಹಾಕಬಹುದಾದ ಬಿಪಿ!

ವಿನಾಯಕನಿಗೆ ಕುಣಿಯುವಂತಾಯಿತು. ಮರುಕ್ಷಣವೇ ಕುಣಿತ ನಿಂತಿತು. ಬಿಪಿ ಹೋಯಿತು, ಸರಿ. ಬಿಪಿಯ ಜೊತೆಗೆ ದಾವಣಗೆರೆಯೂ ಹೋಯಿತಲ್ಲ!

ಐದು ನಿಮಿಷ ಅವನು ತನ್ನ ಆತ್ಮಸಾಕ್ಷಿಯ ಜೊತೆ ಮಾತಾಡಿದ. ನಾನಾಗಿ ಸುಳ್ಳು ಹುಟ್ಟಿಸಿಲ್ಲ. ಮಷೀನು ತೋರಿಸಿದ್ದು, ಊರೆಲ್ಲ ನಂಬಿದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇನ್ನೊಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಮಗಳು ಎದುರಿಗೇ ಕೂತು ತನ್ನ ಜೊತೆ ಮಾತಾಡುತ್ತಾಳೆಂದರೆ ಒಂದು ದಶಮಾಂಶ ಬಿಂದುವನ್ನು ದೇವರು ಮನ್ನಿಸಲಾರನೇ? ಮನ್ನಿಸುತ್ತಾನೆ ಎಂದು ದೇವರ ಪರವಾಗಿ ಅವನೇ ತೀರ್ಪು ಕೊಟ್ಟುಕೊಂಡ. ಹಣೆಯ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ತೆಗೆದು ಆ ಮೂರು ಅಕ್ಷರದ ಮೇಲೆ ಮತ್ತೆ ಮೆತ್ತಿದ.

ರಾಮಮೋಹನ್ ಇನ್ನೂ ಬಾಬ್ಜಿಗೆ ಬಾಯ್ಲರಿನ ಪಾಠ ಹೇಳುತ್ತಿದ್ದರು. ಉಳಿದ ಮೂರು ಟೈರುಗಳ ಗಾಳಿಯನ್ನೂ ಅವರೇ ನಿಂತು ನೋಡುವವರಿದ್ದರು. ವಿನಾಯಕ "ಒಂದೀಟು ಗಾಳಿಗೆ ನಡೆದಾಡಿ ಬರ್ತೀನಿ ಸಾರ್" ಎಂದು ಎದುರಿನ ಮೆಸ್ಸಿಗೆ ನುಗ್ಗಿದ.

ಆರೋಗ್ಯವಂತನ ಹಸಿವು ಅದು. ಬಾಳೆಲೆಯ ತುದಿಯಲ್ಲಿ ಮಾವಿನ ಆವಕಾಯಿ ಬಿತ್ತು. ಪಕ್ಕದಲ್ಲಿ ಗೋಂಗೂರ ಸೊಪ್ಪಿನ ಚಟ್ನಿ. ಉಪ್ಪಲ್ಲಿ ನೆನೆಸಿ ಒಣಗಿಸಿ ಕರಿದ ಮಜ್ಜಿಗೆ ಮೆಣಸಿನಕಾಯಿ. ಹಪ್ಪಳ, ಪುಡಿ, ತುಪ್ಪ. ಬಡಿಸುವವನು ಹೌಹಾರುವಷ್ಟು ಸಲ ವಿನಾಯಕ ಉಪ್ಪಿನಕಾಯಿ ಕೇಳಿದ. ಸಹನಾಳ ಆಣೆ ಬಿಪಿ ಇದ್ದವನಿಗೆ ಹಾಕಿದ್ದು, ತನಗೆ ಅನ್ವಯಿಸುವುದಿಲ್ಲ ಎಂದುಕೊಂಡ. ಕೊನೆಗೆ ಒಂದು ಡಬಲ್ ಸ್ಟ್ರಾಂಗ್ ಕಾಫಿ, ಬೆಳಗಿನ ಬಾಕಿಗೆಂದು ಇನ್ನೊಂದು. ಕೈ ತೊಳೆದು ಗಡಿಯಾರ ನೋಡಿದರೆ ನಾಲ್ಕಕ್ಕೆ ಸ್ವಲ್ಪವೇ ಹೊತ್ತಿತ್ತು. ಮತ್ತೆ ಕಾರು, ಟ್ರಾಫಿಕ್ಕು, ರಾಮಮೋಹನ್ ಅವರ ಹಾರನ್ನು. ರೀಜನಲ್ ಆಫೀಸು ಮುಟ್ಟಿದ್ದೇ ವಿನಾಯಕ ನಾಲ್ಕು ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಬಾಗಿಲು ತಟ್ಟಿದಾಗ ಬೆವರು ಸುರಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ರೋಗಿಯ ವೇಷ ತಾನಾಗಿಯೇ ಒದಗಿತ್ತು.

ಎಜಿಎಂ ಉಷಶ್ರೀ ಮೊದಲು ರಾಯಚೂರಿನಲ್ಲಿ ಮ್ಯಾನೇಜರಾಗಿದ್ದವರು. ಅಲ್ಲಿಂದ ತಂದ ಕನ್ನಡವನ್ನು ಕನ್ನಡದವರು ಸಿಕ್ಕಾಗಲೆಲ್ಲ ಪ್ರೀತಿಯಿಂದ ಬಳಸುತ್ತಿದ್ದರು.

"ಬರ್ರಿ ವಿನಾಯಕ, ಕೂಡ್ರಿ. ಏನ್ರಿ ಹಿಂಗ ಬೆವತೀರಿ? ನೀರು ಕುಡೀರಿ. ನಾನು ನಿಮಗೊಂದು ವಿಷಯ ಹೇಳಬೇಕಿತ್ತು. ಮುಖ ನೋಡಿದ್ರ ನೀವ ಏನೋ ಹೇಳಂಗ ಕಾಣ್ತದ. ಮೊದಲು ನೀವು ಹೇಳ್ರಿ."

ವಿನಾಯಕ ಕಣ್ಣು ತುಂಬಿಕೊಂಡ. ಮಗಳ ನೆನಪು ಮಾಡಿಕೊಂಡಿದ್ದರಿಂದ ಕಣ್ಣೀರು ನಿಜವಾದದ್ದೇ ಬಂತು. "ಮೇಡಂ, ನನ್ನ ಆರೋಗ್ಯ ಸರಿ ಇಲ್ರಿ. ಬಿಪಿ ನೂರ ಅರವತ್ತು ಬೈ ನೂರ ಏಳು. ದಾರೀಲಿ ನೂರ ಅರವತ್ತೆಂಟಕ್ಕೆ ಹೋಯ್ತು. ಒಬ್ಬನೇ ಇದ್ದೀನಿ, ನೋಡ್ಕೊಳ್ಳೋರಿಲ್ಲ. ದಯವಿಟ್ಟು ನನ್ನನ್ನ ಊರ ಕಡೆ ಹಾಕಿಕೊಡ್ರಿ."

ಉಷಶ್ರೀ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು.

"ಒಳ್ಳೇದಾಯ್ತು ನೋಡ್ರಿ, ಮೊದಲ ಹೇಳಿದ್ರಿ. ಇಲ್ಲಂದ್ರ ನನ್ನ ಕೈಯಿಂದ ದೊಡ್ಡ ಪಾಪ ಆಗ್ತಿತ್ತು. ದಾವಣಗೆರೆ ಮೇನ್ ಬ್ರಾಂಚಿಗೆ ಮ್ಯಾನೇಜರ್ ಬೇಕಂತ ಕೇಳ್ಯಾರ. ಸೀನಿಯಾರಿಟಿಯಾಗ ಮೊದಲನೇ ಹೆಸರು ನಿಮ್ದೇ. ನಿಮ್ಮ ಒಪ್ಪಿಗೆ ಒಂದು ಬೇಕಿತ್ತು, ಅಷ್ಟ. ಫೋನಿನಾಗ ಕೇಳಬಹುದಿತ್ತು. ಖುಷಿ ಸುದ್ದಿ ಎದುರಿಗೆ ಹೇಳೋಣ ಅಂತ ಕರೆಸಿದೆ."

ವಿನಾಯಕನ ಬಾಯಿ ತೆರೆಯಿತು. ಮುಚ್ಚಲಿಲ್ಲ.

"ಆದ್ರ ಅದು ಭಾಳ ಹೊರೆ ಇರೋ ಬ್ರಾಂಚು. ಹೋದ ಮ್ಯಾನೇಜರ್ ಆಸ್ಪತ್ರೆ ಸೇರ್ಯಾರ. ಅದಕ್ಕ ಮೊದಲ ಕಂಡೀಷನ್ನ ಆರೋಗ್ಯ. ನಿಮ್ಮಂಥೋರನ್ನ ಅಲ್ಲಿಗೆ ಹಾಕಿದ್ರ ನಿಮ್ಮ ಹೆಂಡ್ತಿ ಮಕ್ಕಳ ಮುಂದ ನಾನು ಹೆಂಗ ನಿಲ್ಲಲಿ?"

"ಮೇಡಂ!" ವಿನಾಯಕ ಕುರ್ಚಿಯಿಂದ ಜಿಗಿದ. "ನಂಗೆ ಬಿಪಿ ಇಲ್ಲ! ಏನೂ ಇಲ್ಲ! ಅದು ಕಿಲೋಪಾಸ್ಕಲ್ ಮೇಡಂ! ಹದಿನಾರು. ನೂರ ಅರವತ್ತಲ್ಲ. ಏಳೂವರೆಯಿಂದ ಗುಣಿಸಬೇಕು! ಗುಣಿಸಿದ್ರೆ ನೂರಿಪ್ಪತ್ತು! ಆ ಚುಕ್ಕೆ ಕುಂಕುಮ ಅಲ್ಲ, ದಶಮಾಂಶ!"

"ಶಾಂತಾಗ್ರಿ ವಿನಾಯಕ."

"ಟೈರಿಗೆ ಹೊಡೀತಾರಲ್ಲ ಮೇಡಂ, ಇನ್ನೂರ ಮೂವತ್ತು, ಅದೇ ಲೆಕ್ಕ ಇದು!"

ಉಷಶ್ರೀ ಅವನನ್ನು ಇನ್ನಷ್ಟು ಕನಿಕರದಿಂದ ನೋಡಿದರು. "ನನ್ನ ಸರ್ವಿಸಿನಾಗ ಭಾಳ ಕಾಯಿಲೆ ನೋಡೀನ್ರಿ. ಪೋಸ್ಟಿಂಗ್ ಕೇಳಿದ ಕೂಡ್ಲೇ ವಾಸಿ ಆಗಿದ್ದು ಇದ ಮೊದಲು. ಇರ್ಲಿ, ಅನುಮಾನ ಯಾಕ? ಈ ಕುರ್ಚಿಯಾಗ ಕೂತೋರಿಗೆಲ್ಲ ಬೇಕಾಗ್ತದಂತ ನಾನೂ ಒಂದು ಮಷೀನ್ ಇಟ್ಟೀನಿ. ನೂರ ನಲವತ್ತರ ಒಳಗ ಬಂತೋ, ಈಗಿಂದೀಗ ದಾವಣಗೆರೆಗೆ ಸೈನ್ ಹಾಕ್ತೀನಿ. ತೋಳು ಕೊಡ್ರಿ."

ವಿನಾಯಕ ಸಂಭ್ರಮದಿಂದ ತೋಳು ಚಾಚಿದ. ಪಟ್ಟಿ ಉಬ್ಬತೊಡಗಿದಾಗ ಅವನಿಗೆ ಮೊದಲು ಆವಕಾಯಿ ನೆನಪಾಯಿತು. ಆಮೇಲೆ ಗೋಂಗೂರ. ಆಮೇಲೆ ಎರಡು ಡಬಲ್ ಸ್ಟ್ರಾಂಗ್ ಕಾಫಿ, ನಾಲ್ಕು ಮಹಡಿಯ ಮೆಟ್ಟಿಲು. ಕಣ್ಣು ಮುಚ್ಚಿ ಸಮಾಧಾನ ತಂದುಕೊಳ್ಳಲು ನೋಡಿದ. ಕಣ್ಣು ಮುಚ್ಚಿದರೆ ದಾವಣಗೆರೆಯೇ ಕಾಣುತ್ತಿತ್ತು. ಎದೆ ಡೊಳ್ಳು ಬಾರಿಸುತ್ತಿತ್ತು.

ಮಷೀನು ಬೀಪ್ ಎಂದಿತು. ಗಾಜು ಕನ್ನಡಿಯಂತೆ ಸ್ವಚ್ಛವಾಗಿತ್ತು. ಚುಕ್ಕೆ ಇರಲಿಲ್ಲ. ಮೂಲೆಯಲ್ಲಿ ಪಾದರಸದ ಮಿಲಿಮೀಟರು ಎಂದು ಸ್ಪಷ್ಟವಾಗಿತ್ತು. ಅಂಕಿ ನೂರ ಎಪ್ಪತ್ತನಾಲ್ಕು.

"ನೋಡಿದ್ರ್ಯಾ?" ಎಂದರು ಉಷಶ್ರೀ ಮೃದುವಾಗಿ. "ಹೆಂಡ್ತಿ ಮಕ್ಕಳ ಆಸೆಗೆ ಜೀವ ಕಳ್ಕೋತೀರೇನು? ಸುಳ್ಳು ಹೇಳಿಯಾದ್ರೂ ಹೋಗ್ಬೇಕಂತೀರಿ. ನಿಮ್ಮ ಕಷ್ಟ ನನಗ ತಿಳೀತದ."

ದಿನವಿಡೀ ಅವನು ಆಡಿದ ಏಕೈಕ ಸತ್ಯವನ್ನೇ ಅವರು ಸುಳ್ಳೆಂದು ಕ್ಷಮಿಸಿಬಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಷಶ್ರೀ ಗಂಟೆ ಒತ್ತಿದರು. ಸೀನಿಯಾರಿಟಿಯ ಪಟ್ಟಿಯಲ್ಲಿ ಎರಡನೆಯ ಹೆಸರಿನ, ಅದೇ ಆಫೀಸಿನ ಕೃಷ್ಣಚೈತನ್ಯ ಎಂಬ ಗುಂಡುಗುಂಡಾದ ಅಧಿಕಾರಿ ಒಳಗೆ ಬಂದ. ಅವನಿಗೆ ದಾವಣಗೆರೆ ನಕ್ಷೆಯಲ್ಲಿ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ವಿಷಯ ತಿಳಿದವನೇ ವಿನಾಯಕನ ಕೈ ಕುಲುಕಿ, "ಅಲ್ಲಿ ಬೆಣ್ಣೆ ದೋಸೆ ಚಾಲಾ ಬಾಗುಂಟುಂದಟ ಕದಾ ಸಾರ್?" ಎಂದು ದೋಸೆಯ ರುಚಿಯನ್ನು ವಿಚಾರಿಸಿದ. ವಿನಾಯಕ ಹೌದೆಂದು ತಲೆಯಾಡಿಸಿದ.

"ನಿಮ್ಮನ್ನೂ ಬರಿಗೈಲಿ ಕಳಸಂಗಿಲ್ಲ" ಎಂದರು ಉಷಶ್ರೀ. "ಆರೋಗ್ಯದ ಮ್ಯಾಲ ಕೇಳೀರಿ, ಆರೋಗ್ಯದ ಮ್ಯಾಲ ಕೊಡ್ತೀನಿ. ಭೀಮುನಿಪಟ್ಟಣಂ ಬ್ರಾಂಚು, ನಿಮ್ಮ ಗಾಜುವಾಕದ ಕಡೇನ. ಮೀನುಗಾರರು, ಪಿನ್ಶನಿಯವರು, ಅಷ್ಟ. ಮುಂಜಾನೆ ಸಮುದ್ರದ ಗಾಳಿ, ಸಂಜಿಗೆ ಸಮುದ್ರದ ಗಾಳಿ. ಮೂರು ವರ್ಷ ಯಾರೂ ನಿಮ್ಮನ್ನ ಅಲ್ಲಿಂದ ಅಲ್ಲಾಡಸಂಗಿಲ್ಲ. ಅದು ನನ್ನ ಜವಾಬ್ದಾರಿ."

ವಿನಾಯಕ ಕೆಳಗಿಳಿದು ಬಂದಾಗ ರಾಮಮೋಹನ್ ಕಾರಿಗೆ ಒರಗಿ ನಿಂತಿದ್ದರು. ಸುದ್ದಿ ಕೇಳಿ ಅವರು ಅವನನ್ನು ಅಲ್ಲೇ ಬೀದಿಯಲ್ಲಿ ತಬ್ಬಿಕೊಂಡರು.

"ಭೀಮುನಿಪಟ್ಟಣಂ! ಅಂದ್ರೆ ನಮ್ಮ ಭೀಮಿಲಿ! ಏನು ಯೋಗಂ ನಿಮ್ಮದು! ನಮ್ಮ ಸ್ವಂತ ಮನೆ ಅಲ್ಲೇ ಕಟ್ತಾ ಇದೀವಿ, ಮುಂದಿನ ತಿಂಗಳು ಗೃಹಪ್ರವೇಶಂ. ನಾವು ಮೇಲೆ, ನೀವು ಕೆಳಗೆ. ಬೇರೆ ಮನೆ ನೋಡೋ ಮಾತೇ ಇಲ್ಲ!"

ವಿನಾಯಕನಿಗೆ ಇಲ್ಲ ಎನ್ನಲು ಬರಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಹನಾ.

"ಏನಾತ್ರೀ? ಬಿಪಿ ಹೆಂಗೈತಿ? ಮೇಡಂ ಏನಂದ್ರು? ಟ್ರಾನ್ಸ್‌ಫರ್ ಕೊಟ್ರಾ?"

"ಕೊಟ್ರು" ಎಂದ ವಿನಾಯಕ.

ಆ ಕಡೆಯಿಂದ ಒಂದು ಕಿರುಚಾಟ, ಪಾತ್ರೆ ಬಿದ್ದ ಸದ್ದು, ಅತ್ತೆಯನ್ನು ಕೂಗಿ ಕರೆದ ಅವಳ ದನಿ. ಆಮೇಲೆ ಏದುಸಿರು ಬಿಡುತ್ತ ಮತ್ತೆ ಫೋನಿಗೆ ಬಂದಳು. "ಯಾವ ಬ್ರಾಂಚ್ರೀ? ಮನೆ ಹತ್ರಾನಾ?"

"ಸಮುದ್ರದ ಹತ್ರ."

"ದಾವಣಗೆರೇಲಿ ಸಮುದ್ರ ಎಲ್ಲೈತ್ರೀ?"